ಸಣ್ಣ ಫೈಲು, ದೊಡ್ಡ ಮೆಮೊರಿ: ಕುಗ್ಗಿಸಿದ ಚಿತ್ರಗಳು ಬಿಚ್ಚಿಕೊಳ್ಳುವ ಬಗೆ ಮತ್ತು ಅವುಗಳ ಮೆಮೊರಿಯನ್ನು ಹತೋಟಿಯಲ್ಲಿಡುವ ಕ್ರಮ

ಡಿಸ್ಕಿನಲ್ಲಿ ಮೂರೂವರೆ ಎಂಬಿ ಇರುವ ಒಂದು ಫೋಟೊವನ್ನು ತೆರೆದ ಕೂಡಲೇ ಅಪ್ಲಿಕೇಶನ್ನಿನ ಮೆಮೊರಿ ಬಳಕೆ 48 ಎಂಬಿಯಷ್ಟು ಏರುತ್ತದೆ. ಇದು ದೋಷವಲ್ಲ, ಲೆಕ್ಕದ ಪ್ರಕಾರ ಆಗಲೇಬೇಕಾದದ್ದು. ಚಿತ್ರಗಳನ್ನು ಕುಗ್ಗಿಸಿಡುವ ಫೈಲಿನ ಬಗೆಗಳಾದ ಜೆಪೆಗ್ ಎಂದರೇನು, ಪಿಎನ್‌ಜಿ ಎಂದರೇನು ಎಂಬುದು ಪರದೆಗೆ ತಿಳಿಯದು. ಯಾವ ಚುಕ್ಕಿಯಲ್ಲಿ ಯಾವ ಬಣ್ಣ ಎಂಬುದನ್ನು ಒಂದೊಂದು ಪಿಕ್ಸೆಲ್ಲಿಗೂ ಬಿಡಿಯಾಗಿ ಬರೆದು ಕೊಟ್ಟಾಗ ಮಾತ್ರ ಅದು ಚಿತ್ರವನ್ನು ತೋರಿಸಬಲ್ಲದು. ಹಾಗೆ ಬರೆದುಕೊಡುವ ಕೆಲಸಕ್ಕೆ ಡಿಕೋಡ್ ಮಾಡುವುದು, ಅಂದರೆ ಕುಗ್ಗಿಸಿದ್ದನ್ನು ಬಿಚ್ಚುವುದು ಎಂದು ಹೆಸರು.

ಫೋಟೊಗಳ ಪಟ್ಟಿಯನ್ನು ತೋರಿಸುವ ಅಪ್ಲಿಕೇಶನ್ ಒಂದನ್ನು ಬರೆಯುವಾಗ ನಾನು ಈ ವಿಷಯವನ್ನು ತಡವಾಗಿ ಅರ್ಥ ಮಾಡಿಕೊಂಡೆ. ನನ್ನ ಪರೀಕ್ಷೆಯ ಚಿತ್ರಗಳೆಲ್ಲ ಚಿಕ್ಕವಾಗಿದ್ದುದರಿಂದ ನನ್ನ ಫೋನಿನಲ್ಲಿ ಎಲ್ಲವೂ ಸರಿಯಾಗಿತ್ತು. ಬಳಕೆದಾರರ ಕೈಯಲ್ಲಿ, ಕ್ಯಾಮೆರಾದಿಂದ ನೇರವಾಗಿ ಬಂದ ಫೋಟೊಗಳೊಂದಿಗೆ, ನಾಲ್ಕು ಬಾರಿ ಬೆರಳು ಜಾರಿಸುವಷ್ಟರಲ್ಲಿ ಅಪ್ಲಿಕೇಶನ್ ಮುಚ್ಚಿಹೋಗುತ್ತಿತ್ತು. ಫೈಲುಗಳು ಭಾರವಾಗಿವೆ ಎಂದುಕೊಂಡು ಜೆಪೆಗ್ ಗುಣಮಟ್ಟವನ್ನು 85ರಿಂದ 60ಕ್ಕೆ ಇಳಿಸಿದೆ. ಫೈಲುಗಳು ಕುಗ್ಗಿದವು, ಆದರೆ ಅಪ್ಲಿಕೇಶನ್ ಮೊದಲು ಬೀಳುತ್ತಿದ್ದ ಜಾಗದಲ್ಲೇ ಮತ್ತೆ ಬಿದ್ದಿತು. ಫೈಲಿನ ಗಾತ್ರಕ್ಕೂ ಮೆಮೊರಿಯ ಗಾತ್ರಕ್ಕೂ ನೇರ ಸಂಬಂಧವಿಲ್ಲ ಎಂಬುದು ಆಗ ಮನದಟ್ಟಾಯಿತು. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಒಂದು ಮಾತಿನಿಂದಲೇ ಹೊರಡುತ್ತವೆ.

ಹಂತ 1: ಮೊದಲು ಗುಣಾಕಾರ ಮಾಡಿ ನೋಡಿ

ಸೂತ್ರ ಸರಳವಾಗಿದೆ: ಅಗಲವನ್ನು ಎತ್ತರದಿಂದ ಗುಣಿಸಿ, ಬಂದದ್ದನ್ನು ಒಂದು ಪಿಕ್ಸೆಲ್ಲಿಗೆ ಬೇಕಾದ ಬೈಟ್‌ಗಳಿಂದ ಗುಣಿಸಬೇಕು. ಕೆಂಪು, ಹಸಿರು, ನೀಲಿ ಮತ್ತು ಪಾರದರ್ಶಕತೆ, ಈ ನಾಲ್ಕಕ್ಕೂ ಒಂದೊಂದು ಬೈಟ್ ಹಿಡಿಯುವುದು ಸಾಮಾನ್ಯ ರೂಢಿ. 4000 ಅಗಲ, 3000 ಎತ್ತರದ ಫೋಟೊದಲ್ಲಿ 1,20,00,000 ಪಿಕ್ಸೆಲ್‌ಗಳಿವೆ. ನಾಲ್ಕರಿಂದ ಗುಣಿಸಿದರೆ 4,80,00,000 ಬೈಟ್, ಅಂದರೆ 48 ಎಂಬಿ. (ಇಲ್ಲಿ ಒಂದು ಎಂಬಿ ಎಂದರೆ ಹತ್ತು ಲಕ್ಷ ಬೈಟ್ ಎಂದು ಹಿಡಿದಿದ್ದೇನೆ. 1024ರ ಲೆಕ್ಕದಲ್ಲಿ ತೋರಿಸುವ ಸಾಧನಗಳು ಇದನ್ನೇ ಸುಮಾರು 45.8 ಎಂದು ತೋರಿಸುತ್ತವೆ.) ಇದೇ ಲೆಕ್ಕದಲ್ಲಿ 1080 ಅಗಲ, 1920 ಎತ್ತರದ ಇಡೀ ಪರದೆಗೆ ಬೇಕಾದದ್ದು 82,94,400 ಬೈಟ್ ಮಾತ್ರ. ಪರದೆಯಲ್ಲಿ ಹಿಡಿಸದ ಪಿಕ್ಸೆಲ್‌ಗಳಿಗಾಗಿ ಸುಮಾರು ಆರು ಪಟ್ಟು ಜಾಗವನ್ನು ಕೊಡುತ್ತಿದ್ದೇವೆ ಎಂಬುದು ಇಲ್ಲಿಯೇ ಕಣ್ಣಿಗೆ ಬೀಳುತ್ತದೆ.

ಸೂತ್ರದಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದನ್ನೂ ಗಮನಿಸಬೇಕು. ಅದರಲ್ಲಿ ಜೆಪೆಗ್ ಗುಣಮಟ್ಟದ ಅಂಕಿಯಿಲ್ಲ, ಡಿಪಿಐ (ಒಂದು ಅಂಗುಲಕ್ಕೆ ಎಷ್ಟು ಚುಕ್ಕಿ ಎಂಬ ಅಂಕಿ) ಇಲ್ಲ, ಫೈಲಿನ ಬಗೆಯೂ ಇಲ್ಲ. 256 ಬಣ್ಣಗಳ ಪಟ್ಟಿಯನ್ನಷ್ಟೇ ಇಟ್ಟುಕೊಂಡು ಪಿಕ್ಸೆಲ್ಲಿಗೆ ಒಂದೇ ಬೈಟಿನಲ್ಲಿ ಉಳಿಸಿದ ಪಿಎನ್‌ಜಿ ಕೂಡ ತೋರಿಸುವ ಹೊತ್ತಿಗೆ ಸಾಮಾನ್ಯವಾಗಿ ನಾಲ್ಕು ಬೈಟಿಗೇ ಹಿಗ್ಗುತ್ತದೆ. ಬದಲಾಗುವುದು ಪಿಕ್ಸೆಲ್ಲಿನ ಬೈಟುಗಳು ಮಾತ್ರ: 565 ಎಂದು ಕರೆಯುವ ರೂಪದಲ್ಲಿ (ಕೆಂಪಿಗೆ 5, ಹಸಿರಿಗೆ 6, ನೀಲಿಗೆ 5 ಬಿಟ್) ಎರಡು ಬೈಟ್, ಎಚ್‌ಡಿಆರ್ (ಹೊಳಪಿನ ವ್ಯಾಪ್ತಿ ಹೆಚ್ಚಿರುವ) ಚಿತ್ರಗಳಿಗೆ ಬಳಸುವ ಅರ್ಧ ನಿಖರತೆಯ ಫ್ಲೋಟಿಂಗ್ ಪಾಯಿಂಟ್ ರೂಪದಲ್ಲಿ ಎಂಟು ಬೈಟ್. ಪ್ರತಿ ಸಾಲಿನ ಕೊನೆಗೆ ಹಾರ್ಡ್‌ವೇರಿನ ಅನುಕೂಲಕ್ಕಾಗಿ ಕೆಲವು ಖಾಲಿ ಬೈಟ್‌ಗಳು ಸೇರುವುದುಂಟು. ಆದ್ದರಿಂದ ಅಳೆದಾಗ ಬರುವ ಅಂಕಿ ಲೆಕ್ಕಕ್ಕಿಂತ ತುಸು ಹೆಚ್ಚಿದ್ದರೆ ಗಾಬರಿಯಾಗಬೇಕಿಲ್ಲ.

ಹಂತ 2: ಬಿಚ್ಚುವಾಗ ಒಳಗೆ ಏನಾಗುತ್ತದೆ ಎಂಬುದನ್ನು ತಿಳಿಯಿರಿ

ಈ ಹಂತವನ್ನು ದಾಟಿ ಮುಂದಕ್ಕೆ ಹೋಗುವ ಆಸೆ ಸಹಜವೇ ಆದರೂ ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮುಂದೆ ಮೆಮೊರಿ ಉಳಿಸುವ ಉಪಾಯಗಳೆಲ್ಲ ಹುಟ್ಟುವುದು ಇಲ್ಲಿಯೇ.

ಜೆಪೆಗ್ ಚಿತ್ರವು ಪಿಕ್ಸೆಲ್‌ಗಳನ್ನು ಉಳಿಸುವುದೇ ಇಲ್ಲ. ಅದು ಮೊದಲು ಬಣ್ಣವನ್ನು ಹೊಳಪು ಒಂದು ಕಡೆ, ಬಣ್ಣದ ಎರಡು ಅಂಶಗಳು ಇನ್ನೊಂದು ಕಡೆ ಎಂದು ಬೇರ್ಪಡಿಸುತ್ತದೆ. ನಮ್ಮ ಕಣ್ಣು ಹೊಳಪಿನ ವ್ಯತ್ಯಾಸವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸುವುದಿಲ್ಲವಾದ್ದರಿಂದ, ಬಣ್ಣದ ಅಂಶಗಳನ್ನು ಸಾಮಾನ್ಯವಾಗಿ ಅಗಲದಲ್ಲಿಯೂ ಎತ್ತರದಲ್ಲಿಯೂ ಅರ್ಧಕ್ಕೆ ಇಳಿಸಲಾಗುತ್ತದೆ. ಆಮೇಲೆ ಪ್ರತಿಯೊಂದು ಅಂಶವನ್ನೂ 8×8ರ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ 64 ಬೆಲೆಗಳನ್ನು ಕೊಸೈನ್ ಅಲೆಗಳ 64 ಸಹಗುಣಕಗಳಾಗಿ ಮಾರ್ಪಡಿಸಿ, ಅವುಗಳನ್ನು ಭಾಗಿಸಿ ಪೂರ್ಣಾಂಕಕ್ಕೆ ಇಳಿಸಿದಾಗ ಬಹಳಷ್ಟು ಸಹಗುಣಕಗಳು ಸೊನ್ನೆಯಾಗುತ್ತವೆ. ಉಳಿದದ್ದನ್ನು ಹಫ್‌ಮನ್ ಸಂಕೇತಗಳಲ್ಲಿ, ಹೆಚ್ಚು ಸಲ ಬರುವುದಕ್ಕೆ ಕಡಿಮೆ ಬಿಟ್‌ಗಳು ಎಂಬ ನಿಯಮದಂತೆ ಬರೆಯಲಾಗುತ್ತದೆ. ಬಿಚ್ಚುವಾಗ ಇದೇ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕು.

ಒಂದು ತುಣುಕನ್ನು ಹತ್ತಿರದಿಂದ ನೋಡೋಣ. ಮೋಡವಿಲ್ಲದ ಆಕಾಶದ 16×16 ಪಿಕ್ಸೆಲ್‌ಗಳ ಒಂದು ತುಣುಕು, ಪಕ್ಕದ ತುಣುಕಿನಷ್ಟೇ ಬಣ್ಣ, ಎಲ್ಲಿಯೂ ಏರಿಳಿತವಿಲ್ಲ ಎಂದಿಟ್ಟುಕೊಳ್ಳಿ. ಇದಕ್ಕೆ ಹೊಳಪಿನ ನಾಲ್ಕು ಚೌಕ, ಬಣ್ಣದ ಎರಡು ಚೌಕ, ಒಟ್ಟು ಆರು ಚೌಕಗಳು ಬೇಕು. ಜೆಪೆಗ್ ಮಾನದಂಡದ ಅನುಬಂಧದಲ್ಲಿರುವ ಹಫ್‌ಮನ್ ಕೋಷ್ಟಕಗಳ ಪ್ರಕಾರ, ಹೊಳಪಿನ ಒಂದು ಚೌಕದಲ್ಲಿ ‘ಹಿಂದಿನದಕ್ಕಿಂತ ವ್ಯತ್ಯಾಸವಿಲ್ಲ’ ಎನ್ನಲು 2 ಬಿಟ್, ‘ಉಳಿದದ್ದೆಲ್ಲ ಸೊನ್ನೆ’ ಎನ್ನಲು 4 ಬಿಟ್ ಸಾಕು. ಬಣ್ಣದ ಚೌಕದಲ್ಲಿ ಈ ಎರಡಕ್ಕೂ ತಲಾ 2 ಬಿಟ್. ನಾಲ್ಕು ಆರಲ ಇಪ್ಪತ್ನಾಲ್ಕು, ಎರಡು ನಾಲ್ಕಲ ಎಂಟು, ಒಟ್ಟು 32 ಬಿಟ್, ಅಂದರೆ ನಾಲ್ಕೇ ಬೈಟ್. ಆದರೆ ಬಿಚ್ಚಿದ ಮೇಲೆ ಆ ತುಣುಕಿನಲ್ಲಿ 256 ಪಿಕ್ಸೆಲ್‌ಗಳಿವೆ, ಒಂದೊಂದಕ್ಕೂ ನಾಲ್ಕು ಬೈಟ್, ಒಟ್ಟು 1024 ಬೈಟ್. ನಾಲ್ಕು ಬೈಟಿನ ಮಾತು 256 ಪಟ್ಟು ಹಿಗ್ಗಿತು. ಎಲೆಗಳಿಂದ ತುಂಬಿದ ಮರದ ತುಣುಕಾಗಿದ್ದರೆ ಫೈಲಿನಲ್ಲಿ ನೂರಾರು ಬೈಟ್ ಹಿಡಿಯುತ್ತಿತ್ತು. ಮೆಮೊರಿಯಲ್ಲಿ ಆಗಲೂ 1024 ಬೈಟೇ. ಗುಣಮಟ್ಟವನ್ನು ಇಳಿಸಿದ ನನ್ನ ಶ್ರಮ ವ್ಯರ್ಥವಾದದ್ದು ಈ ಕಾರಣಕ್ಕೆ.

ಪಿಎನ್‌ಜಿಯ ದಾರಿ ಬೇರೆ. ಅದು ಏನನ್ನೂ ಕಳೆಯುವುದಿಲ್ಲ. ಪ್ರತಿ ಸಾಲಿಗೂ ಐದು ಸೋಸುವ ವಿಧಾನಗಳಲ್ಲಿ ಒಂದನ್ನು ಆರಿಸಿ, ಪ್ರತಿ ಬೈಟನ್ನೂ ಎಡಗಡೆಯ ಅಥವಾ ಮೇಲಿನ ಬೈಟಿನ ಜೊತೆಗಿನ ವ್ಯತ್ಯಾಸವಾಗಿ ಬರೆದು, ಆಮೇಲೆ ಡಿಫ್ಲೇಟ್ ಕ್ರಮದಿಂದ ಕುಗ್ಗಿಸುತ್ತದೆ. ಡಿಫ್ಲೇಟ್ ಹಿಂದಕ್ಕೆ ನೋಡುವುದು ಹೆಚ್ಚೆಂದರೆ 32 ಕೆಬಿ. ಸೋಸುವಿಕೆಗೆ ಬೇಕಾದದ್ದು ಹಿಂದಿನ ಒಂದು ಸಾಲು. ಆದ್ದರಿಂದ ಸಾಮಾನ್ಯ ಪಿಎನ್‌ಜಿಯನ್ನು ಸಾಲುಸಾಲಾಗಿ, ಇಡೀ ಚಿತ್ರವನ್ನು ಮೆಮೊರಿಯಲ್ಲಿ ಇಡದೆಯೇ ಬಿಚ್ಚಬಹುದು. ಸಾಮಾನ್ಯ ಜೆಪೆಗ್‌ಗೂ ಈ ಅನುಕೂಲವಿದೆ.

ಈ ಅನುಕೂಲ ತಪ್ಪುವ ಎರಡು ಸಂದರ್ಭಗಳಿವೆ. ಏಳು ಸುತ್ತುಗಳಲ್ಲಿ ಬರುವ ಹೆಣೆದ ಪಿಎನ್‌ಜಿ ಒಂದು. ಮಸುಕಾಗಿ ತೊಡಗಿ ಹಂತಹಂತವಾಗಿ ಸ್ಪಷ್ಟವಾಗುವ ಪ್ರೊಗ್ರೆಸಿವ್ ಜೆಪೆಗ್ ಇನ್ನೊಂದು. ಎರಡನೆಯದರಲ್ಲಿ ಯಾವ ಚೌಕವೂ ಮೊದಲ ಸುತ್ತಿನಲ್ಲಿ ಪೂರ್ಣವಾಗುವುದಿಲ್ಲವಾದ್ದರಿಂದ ಎಲ್ಲ ಸಹಗುಣಕಗಳನ್ನೂ ಕೊನೆಯವರೆಗೆ ಹಿಡಿದಿಡಬೇಕು. ಬಣ್ಣವನ್ನು ಅರ್ಧಕ್ಕೆ ಇಳಿಸಿದ ಚಿತ್ರದಲ್ಲಿ ಪಿಕ್ಸೆಲ್ಲಿಗೆ ಒಂದೂವರೆ ಸಹಗುಣಕ, ಒಂದೊಂದಕ್ಕೆ ಎರಡು ಬೈಟ್ ಎಂದರೆ ನಮ್ಮ 4000×3000 ಫೋಟೊಗೆ 36 ಎಂಬಿ ಹೆಚ್ಚುವರಿ. ಬಿಚ್ಚುವ ಆ ಗಳಿಗೆಯಲ್ಲಿ 48ರ ಬದಲು 84 ಎಂಬಿ ಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಅದು ಮರಳುತ್ತದೆ ನಿಜ, ಆದರೆ ಅಪ್ಲಿಕೇಶನ್ ಬೀಳುವುದು ಸರಾಸರಿಯಿಂದಲ್ಲ, ಶಿಖರದಿಂದ.

ಹಂತ 3: ಬಿಚ್ಚುವ ಮೊದಲು ತಲೆಬರಹವನ್ನು ಮಾತ್ರ ಓದಿ

ಚಿತ್ರದ ಅಗಲ ಎತ್ತರಗಳನ್ನು ತಿಳಿಯಲು ಅದನ್ನು ಬಿಚ್ಚಬೇಕಾಗಿಲ್ಲ. ಪಿಎನ್‌ಜಿಯಲ್ಲಿ ಮೊದಲ 8 ಬೈಟ್ ಗುರುತು, ನಂತರದ 8 ಬೈಟ್ ಮೊದಲ ಖಂಡದ ಉದ್ದ ಮತ್ತು ಹೆಸರು, ಆಮೇಲೆ ಅಗಲಕ್ಕೆ 4 ಮತ್ತು ಎತ್ತರಕ್ಕೆ 4 ಬೈಟ್. ಹೀಗೆ ಮೊದಲ 24 ಬೈಟ್ ಓದಿದರೆ ಉತ್ತರ ಸಿಗುತ್ತದೆ. ಜಿಫ್‌ಗೆ 10 ಬೈಟ್ ಸಾಕು. ಜೆಪೆಗ್‌ನಲ್ಲಿ ಮಾತ್ರ ಅಳತೆಗೆ ನಿಶ್ಚಿತ ಜಾಗವಿಲ್ಲ. ಖಂಡದಿಂದ ಖಂಡಕ್ಕೆ ಅದರ ಉದ್ದದಷ್ಟು ಹಾರುತ್ತಾ ಹೋಗಿ ಅಳತೆಯನ್ನು ಹೊತ್ತ ‘ಚೌಕಟ್ಟಿನ ಖಂಡ’ವನ್ನು ಹಿಡಿಯಬೇಕು. ಹಾಗೆ ಮಾಡದೆ ಆ ಖಂಡದ ಗುರುತನ್ನು ಫೈಲಿನಲ್ಲಿ ನೇರವಾಗಿ ಹುಡುಕಿದರೆ, ಎಕ್ಸಿಫ್ ಮಾಹಿತಿಯೊಳಗೆ (ಕ್ಯಾಮೆರಾ ಫೋಟೊದ ಜೊತೆ ಬರೆದಿಡುವ ವಿವರಗಳು) ಅಡಗಿರುವ ಪುಟ್ಟ ಮಾದರಿ ಚಿತ್ರದ ಅಳತೆ ಸಿಕ್ಕಿ ದಾರಿ ತಪ್ಪುತ್ತದೆ. ಬರೆದವರ ಕಣ್ಣಿಗೆ ಬೇಗ ಬೀಳದ ತಪ್ಪು ಇದು.

ಆಂಡ್ರಾಯ್ಡ್‌ನಲ್ಲಿ ಚಿತ್ರಗಳನ್ನು ಬಿಟ್‌ಮ್ಯಾಪ್ (ಬಿಚ್ಚಿದ ಪಿಕ್ಸೆಲ್‌ಗಳ ಚಿತ್ರ) ಆಗಿ ಬಿಚ್ಚಿಕೊಡುವ ಬಿಟ್‌ಮ್ಯಾಪ್‌ಫ್ಯಾಕ್ಟರಿಯ ಆಯ್ಕೆಗಳಲ್ಲಿ ‘ಇನ್‌ಜಸ್ಟ್‌ಡಿಕೋಡ್‌ಬೌಂಡ್ಸ್’ ಅನ್ನು ನಿಜ ಎಂದಿಟ್ಟರೆ ಪಿಕ್ಸೆಲ್‌ಗಳಿಗೆ ಜಾಗ ಪಡೆಯದೆ ಅಳತೆಯನ್ನಷ್ಟೇ ಹೇಳುತ್ತದೆ. ಇದೇ ಹಂತದಲ್ಲಿ ಎಕ್ಸಿಫ್‌ನ ದಿಕ್ಕಿನ ಅಂಕಿಯನ್ನೂ ಓದಿಕೊಳ್ಳಿ. ಅದು 5ರಿಂದ 8ರವರೆಗೆ ಇದ್ದರೆ ತೋರಿಸುವಾಗ ಅಗಲ ಎತ್ತರಗಳು ಅದಲುಬದಲಾಗುತ್ತವೆ.

ಅಪರಿಚಿತರಿಂದ ಚಿತ್ರಗಳನ್ನು ಪಡೆಯುವ ಯಾವುದೇ ವ್ಯವಸ್ಥೆ ಇಲ್ಲಿಯೇ ಒಂದು ಮಿತಿಯನ್ನು ವಿಧಿಸಬೇಕು. ಡಿಫ್ಲೇಟ್ ತನ್ನ ಅತ್ಯುತ್ತಮ ಸಂದರ್ಭದಲ್ಲಿ ಸುಮಾರು 1032ಕ್ಕೆ 1ರಂತೆ ಕುಗ್ಗಿಸಬಲ್ಲದು. 20,000×20,000 ಅಳತೆಯ, ಪಿಕ್ಸೆಲ್ಲಿಗೆ ಒಂದೇ ಬಿಟ್ ಇರುವ, ಪೂರ್ತಿ ಕಪ್ಪಾದ ಪಿಎನ್‌ಜಿ ಹೀಗೆ ಸುಮಾರು 50 ಕೆಬಿಯಲ್ಲಿ ಮುಗಿಯುತ್ತದೆ; ನಾಲ್ಕು ಬೈಟಿನ ಪಿಕ್ಸೆಲ್‌ಗಳಾಗಿ ಬಿಚ್ಚಿದರೆ ಅದಕ್ಕೆ 160 ಕೋಟಿ ಬೈಟ್ ಬೇಕು. ಅಪ್‌ಲೋಡ್‌ನಲ್ಲಿ ಫೈಲಿನ ಗಾತ್ರಕ್ಕೆ ಮಾತ್ರ ಮಿತಿ ಹಾಕಿದವರಿಗೆ ಇದು ಕಾಣುವುದೇ ಇಲ್ಲ. ಪೈಥಾನ್‌ನ ಪಿಲ್ಲೊ ಗ್ರಂಥಾಲಯವು ಸುಮಾರು 8.9 ಕೋಟಿ ಪಿಕ್ಸೆಲ್ ಮೀರಿದರೆ ಎಚ್ಚರಿಕೆಯನ್ನೂ, ಅದರ ಎರಡರಷ್ಟು ಮೀರಿದರೆ ದೋಷವನ್ನೂ ಕೊಡುವುದು ಇದಕ್ಕಾಗಿಯೇ. ಎಚ್ಚರಿಕೆ ಕಿರಿಕಿರಿಯಾಯಿತೆಂದು ಆ ಮಿತಿಯನ್ನು ಕಿತ್ತುಹಾಕಿದ ಕೋಡನ್ನು ನಾನು ಕಂಡಿದ್ದೇನೆ; ದಯವಿಟ್ಟು ಹಾಗೆ ಮಾಡಬೇಡಿ.

ಹಂತ 4: ಪರದೆಯಲ್ಲಿ ಎಷ್ಟು ಪಿಕ್ಸೆಲ್ ಬೇಕೆಂದು ನಿರ್ಧರಿಸಿ

ವಿನ್ಯಾಸದಲ್ಲಿ 120 ಅಳತೆಯ ಚೌಕ ಎಂದು ಬರೆದಿದ್ದರೆ, ಮೂರು ಪಟ್ಟು ಸಾಂದ್ರತೆಯ ಪರದೆಯಲ್ಲಿ ಅದು 360×360 ನಿಜವಾದ ಪಿಕ್ಸೆಲ್‌ಗಳು. ಅದಕ್ಕೆ ಬೇಕಾದದ್ದು 5,18,400 ಬೈಟ್. ಅದೇ ಚೌಕದಲ್ಲಿ ಪೂರ್ತಿ ಫೋಟೊವನ್ನು ಬಿಚ್ಚಿಟ್ಟರೆ 4,80,00,000 ಬೈಟ್, ತೊಂಬತ್ತು ಪಟ್ಟಿಗೂ ಮೇಲೆ. ಪರದೆಯಲ್ಲಿ ಒಟ್ಟಿಗೆ ಹದಿನೈದು ಚೌಕಗಳು ಕಾಣುವ ಪಟ್ಟಿಯಾಗಿದ್ದರೆ ವ್ಯತ್ಯಾಸವು 8 ಎಂಬಿಗೂ 720 ಎಂಬಿಗೂ ಇರುವಷ್ಟು. ಚೌಕಕ್ಕೆ ಅಳತೆ ದೊರೆಯುವ ಮೊದಲೇ ಬಿಚ್ಚಲು ಹೊರಡುವ ಕೋಡ್ ಸಾಮಾನ್ಯವಾಗಿ ಪೂರ್ಣ ಗಾತ್ರಕ್ಕೆ ಬಿಚ್ಚುತ್ತದೆ. ಆದ್ದರಿಂದ ಅಳತೆ ತಿಳಿಯುವವರೆಗೆ ಕಾಯುವಂತೆ ಬರೆಯಿರಿ.

ಹಂತ 5: ಚಿಕ್ಕದಾಗಿಯೇ ಬಿಚ್ಚಿ

ಪೂರ್ತಿ ಬಿಚ್ಚಿ ಆಮೇಲೆ ಕುಗ್ಗಿಸುವುದು ಬೇರೆ, ಬಿಚ್ಚುವಾಗಲೇ ಕುಗ್ಗಿಸುವುದು ಬೇರೆ. ಮೊದಲನೆಯದರಲ್ಲಿ 48 ಎಂಬಿಯ ಶಿಖರ ಬಂದೇ ಬರುತ್ತದೆ.

ಇಲ್ಲಿ ಜೆಪೆಗ್ ಒಂದು ಸೊಗಸಾದ ಅನುಕೂಲವನ್ನು ಒದಗಿಸುತ್ತದೆ. ಹಂತ 2ರಲ್ಲಿ ನೋಡಿದ 8×8ರ ಪ್ರತಿ ಚೌಕದ ಮೊದಲ ಸಹಗುಣಕವು ಆ ಚೌಕದ ಸರಾಸರಿಯನ್ನೇ ಹೇಳುತ್ತದೆ. ಆದ್ದರಿಂದ ಚಿತ್ರವನ್ನು ಎಂಟನೇ ಒಂದಕ್ಕೆ ಇಳಿಸಬೇಕಾದರೆ ಉಳಿದ 63 ಸಹಗುಣಕಗಳ ಮೇಲೆ ಗಣಿತವನ್ನೇ ಮಾಡಬೇಕಿಲ್ಲ: ಚೌಕಕ್ಕೊಂದು ಪಿಕ್ಸೆಲ್ ಸಿಕ್ಕಿತು. ಅರ್ಧಕ್ಕೂ ಕಾಲಿಗೂ ಇದೇ ರೀತಿ ಕೆಲವೇ ಸಹಗುಣಕಗಳು ಸಾಕು. ಲಿಬ್‌ಜೆಪೆಗ್ ಗ್ರಂಥಾಲಯದಲ್ಲಿ ಈ ಸೌಲಭ್ಯವಿದೆ. ಮೆಮೊರಿಯ ಜೊತೆಗೆ ಸಮಯವೂ ಉಳಿಯುವುದು ಇದರ ಹೆಚ್ಚುಗಾರಿಕೆ.

ಆಂಡ್ರಾಯ್ಡ್‌ನಲ್ಲಿ ‘ಇನ್‌ಸ್ಯಾಂಪಲ್‌ಸೈಜ್’ ಎಂಬ ಆಯ್ಕೆಗೆ 2, 4, 8 ಹೀಗೆ ಎರಡರ ಘಾತಗಳನ್ನು ಕೊಡಬೇಕು; ಬೇರೆ ಅಂಕಿ ಕೊಟ್ಟರೆ ಅದಕ್ಕಿಂತ ಕೆಳಗಿನ ಘಾತಕ್ಕೆ ಇಳಿಸಿಕೊಳ್ಳುತ್ತದೆ. ನಮ್ಮ ಫೋಟೊದ ಚಿಕ್ಕ ಬದಿ 3000. ಅದನ್ನು 360ರಿಂದ ಭಾಗಿಸಿದರೆ 8.33, ಆದ್ದರಿಂದ 8. ಬರುವ ಚಿತ್ರ 500×375, ಮೆಮೊರಿ 7,50,000 ಬೈಟ್. ಪರದೆಯ ಚೌಕಕ್ಕೆ ಬೇಕಾದ್ದಕ್ಕಿಂತ ತುಸು ದೊಡ್ಡದಾಗಿ ಬಂದದ್ದು ಒಳ್ಳೆಯದೇ: ಕೊನೆಯ ಹೊಂದಾಣಿಕೆಯಲ್ಲಿ ಚಿತ್ರ ಮಸುಕಾಗುವುದಿಲ್ಲ. ಐಒಎಸ್‌ನಲ್ಲಿ ಇಮೇಜ್‌ಐಒ ಚೌಕಟ್ಟಿನ ಥಂಬ್‌ನೇಲ್ ತಯಾರಿಸುವ ಕ್ರಿಯೆಗೆ ಗರಿಷ್ಠ ಪಿಕ್ಸೆಲ್ ಅಳತೆಯನ್ನು ಕೊಟ್ಟರೆ ಇದೇ ಫಲ ದೊರೆಯುತ್ತದೆ.

ಪಿಎನ್‌ಜಿಗೆ ಇಂಥ ಒಳದಾರಿ ಇಲ್ಲ. ಎಲ್ಲ ಸಾಲುಗಳನ್ನೂ ಬಿಚ್ಚಲೇಬೇಕು; ಬಿಚ್ಚಿದ ಸಾಲುಗಳಲ್ಲಿ ಬೇಕಾದಷ್ಟನ್ನೇ ಉಳಿಸಿಕೊಳ್ಳಬಹುದು. ಮೆಮೊರಿ ಉಳಿಯುತ್ತದೆ, ಸಮಯ ಉಳಿಯುವುದಿಲ್ಲ. ಫೋಟೊಗಳನ್ನು ಪಿಎನ್‌ಜಿಯಲ್ಲಿ ಇಡಬಾರದು ಎನ್ನಲು ಇದೂ ಒಂದು ಕಾರಣ.

ಜಾಲಪುಟಗಳಲ್ಲಿ ಸಿಎಸ್‌ಎಸ್ (ಪುಟದ ವಿನ್ಯಾಸದ ನಿಯಮಗಳು) ಮೂಲಕ ಚಿತ್ರವನ್ನು ಚಿಕ್ಕದಾಗಿ ತೋರಿಸಿದ ಮಾತ್ರಕ್ಕೆ ಅದು ಚಿಕ್ಕದಾಗಿ ಬಿಚ್ಚಿಕೊಳ್ಳುತ್ತದೆ ಎಂದು ನಂಬಬೇಡಿ. ಸರ್ವರ್‌ನಲ್ಲಿ ಹಲವು ಅಳತೆಗಳನ್ನು ತಯಾರಿಸಿಟ್ಟು, ಚಿತ್ರದ ಟ್ಯಾಗ್‌ನಲ್ಲಿ ಬರೆಯುವ ‘ಎಸ್‌ಆರ್‌ಸಿಸೆಟ್’ ಮತ್ತು ‘ಸೈಜಸ್’ ಮೂಲಕ ಬ್ರೌಸರ್ ಆರಿಸಿಕೊಳ್ಳುವಂತೆ ಮಾಡುವುದೇ ಭರವಸೆಯ ದಾರಿ.

ಹಂತ 6: ನಕಲುಗಳನ್ನು ಎಣಿಸಿ

ಒಂದೇ ಚಿತ್ರ ಮೆಮೊರಿಯಲ್ಲಿ ಎರಡು ಮೂರು ಕಡೆ ಕುಳಿತಿರುವುದು ಸಾಮಾನ್ಯ. ಬಿಚ್ಚಿದ ಪಿಕ್ಸೆಲ್‌ಗಳು ಒಂದು ಕಡೆ, ಗ್ರಾಫಿಕ್ಸ್ ಚಿಪ್‌ಗೆ ಟೆಕ್ಸ್‌ಚರ್ (ಪರದೆಯಲ್ಲಿ ಮೂಡಿಸಲು ಆ ಚಿಪ್ ಬಳಸುವ ಚಿತ್ರ) ಆಗಿ ಕಳಿಸಿದ ಪ್ರತಿ ಇನ್ನೊಂದು ಕಡೆ. ಆ ಟೆಕ್ಸ್‌ಚರ್‌ಗೆ ಅರ್ಧ, ಕಾಲು, ಎಂಟನೇ ಒಂದು ಹೀಗೆ ಇಳಿಯುವ ಮಿಪ್‌ಮ್ಯಾಪ್ ಸರಣಿಯನ್ನು ಸೇರಿಸಿದರೆ ಅದರ ಮೂರನೇ ಒಂದು ಭಾಗ ಹೆಚ್ಚುವರಿ. ಎಕ್ಸಿಫ್ ದಿಕ್ಕಿಗೆ ತಕ್ಕಂತೆ ಪಿಕ್ಸೆಲ್‌ಗಳನ್ನೇ ತಿರುಗಿಸಿದರೆ ಮತ್ತೊಂದು ಪೂರ್ಣ ಪ್ರತಿ. ಪರದೆಯಲ್ಲಿ ಮೂಡಿಸುವಾಗಲೇ ಕೋನವನ್ನು ಬದಲಿಸಿ ತೋರಿಸಿದರೆ ಆ ಪ್ರತಿ ಬೇಕಾಗುವುದಿಲ್ಲ. ಆಂಡ್ರಾಯ್ಡ್ 8ರಿಂದ ದೊರೆಯುವ ಹಾರ್ಡ್‌ವೇರ್ ಬಿಟ್‌ಮ್ಯಾಪ್ ಪಿಕ್ಸೆಲ್‌ಗಳನ್ನು ಗ್ರಾಫಿಕ್ಸ್ ಮೆಮೊರಿಯಲ್ಲಿ ಮಾತ್ರ ಇಡುವುದರಿಂದ ಈ ಜೋಡಿ ಪ್ರತಿಯನ್ನು ತಪ್ಪಿಸುತ್ತದೆ, ಆದರೆ ಅಂಥ ಚಿತ್ರವನ್ನು ತಿದ್ದಲಾಗದು.

ಬಿಚ್ಚಿದ ಚಿತ್ರಗಳನ್ನು ಮತ್ತೆ ಬಳಸಲು ಮೆಮೊರಿಯಲ್ಲಿ ಉಳಿಸಿಡುವ ಕ್ಯಾಶ್ ಇಟ್ಟುಕೊಳ್ಳುವವರು ಮಿತಿಯನ್ನು ಚಿತ್ರಗಳ ಸಂಖ್ಯೆಯಲ್ಲಿ ಅಲ್ಲ, ಬೈಟ್‌ಗಳಲ್ಲಿ ಹೇಳಬೇಕು. ‘ನೂರು ಚಿತ್ರ’ ಎಂಬ ಮಿತಿ 50 ಎಂಬಿಯೂ ಆಗಬಹುದು, ಐದು ಜಿಬಿಗೆ ಸಮೀಪವೂ ಆಗಬಹುದು.

565 ರೂಪವನ್ನು ಬಳಸಿ ಮೆಮೊರಿಯನ್ನು ಅರ್ಧ ಮಾಡುವ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ಅದರಲ್ಲಿ ಕೆಂಪು ಮತ್ತು ನೀಲಿಗೆ 32 ಮೆಟ್ಟಿಲು, ಹಸಿರಿಗೆ 64 ಮೆಟ್ಟಿಲು ಮಾತ್ರ. ಸಂಜೆಯ ಆಕಾಶದಂಥ ಮೆಲುವಾದ ಏರಿಳಿತಗಳಲ್ಲಿ ಪಟ್ಟೆಗಳು ಎದ್ದು ಕಾಣುತ್ತವೆ, ಪಾರದರ್ಶಕತೆಯೂ ಹೋಗುತ್ತದೆ. ಹಂತ 5ನ್ನು ಸರಿಯಾಗಿ ಮಾಡಿದವರಿಗೆ ಇದರ ಅಗತ್ಯ ಬೀಳುವುದು ಅಪರೂಪ ಎಂಬುದು ನನ್ನ ಅಭಿಪ್ರಾಯ.

ಚಲಿಸುವ ಜಿಫ್‌ಗಳಿಗೆ ಇದೇ ಎಣಿಕೆಯನ್ನು ಚೌಕಟ್ಟುಗಳ ಮೇಲೆ ಮಾಡಿ. 600×400 ಅಳತೆಯ 120 ಚೌಕಟ್ಟುಗಳನ್ನೂ ಬಿಚ್ಚಿಟ್ಟರೆ 115 ಎಂಬಿ ದಾಟುತ್ತದೆ. ಈಗಿನದನ್ನೂ, ಬೇಕಿದ್ದರೆ ಹಿಂದಿನ ಒಂದನ್ನೂ ಇಟ್ಟುಕೊಂಡರೆ 2 ಎಂಬಿಯೊಳಗೆ ಮುಗಿಯುತ್ತದೆ.

ಹಂತ 7: ಬಹಳ ದೊಡ್ಡ ಚಿತ್ರಗಳನ್ನು ತುಂಡುಗಳಾಗಿ ತೋರಿಸಿ

ನಕ್ಷೆ, ಹಸ್ತಪ್ರತಿಯ ಸ್ಕ್ಯಾನ್, ಸೂಕ್ಷ್ಮದರ್ಶಕದ ಚಿತ್ರ ಇಂಥವನ್ನು ಹಿಗ್ಗಿಸಿ ನೋಡಲೇಬೇಕಾದಾಗ ಚಿಕ್ಕದಾಗಿ ಬಿಚ್ಚುವುದು ಸಾಲದು. 30,000×20,000 ಅಳತೆಯ ಚಿತ್ರ ಪೂರ್ತಿ ಬಿಚ್ಚಿದರೆ 240 ಕೋಟಿ ಬೈಟ್. ಅದನ್ನು 256×256ರ ಬಿಲ್ಲೆಗಳಾಗಿ ಕತ್ತರಿಸಿಟ್ಟರೆ ಒಂದು ಬಿಲ್ಲೆಗೆ 2,62,144 ಬೈಟ್. 1080×1920ರ ಪರದೆಯನ್ನು ಒಮ್ಮೆಗೆ ಮುಟ್ಟುವುದು ಹೆಚ್ಚೆಂದರೆ ಅಡ್ಡಕ್ಕೆ 6, ಉದ್ದಕ್ಕೆ 9, ಒಟ್ಟು 54 ಬಿಲ್ಲೆಗಳು. 14 ಎಂಬಿಯಲ್ಲಿ ಕೆಲಸವಾಯಿತು, ಚಿತ್ರ ಎಷ್ಟೇ ದೊಡ್ಡದಿರಲಿ.

ಆಂಡ್ರಾಯ್ಡ್‌ನ ಬಿಟ್‌ಮ್ಯಾಪ್‌ರೀಜನ್‌ಡಿಕೋಡರ್ ಒಂದೇ ಫೈಲಿನಿಂದ ಬೇಕಾದ ಭಾಗವನ್ನು ಮಾತ್ರ ಬಿಚ್ಚಿಕೊಡುತ್ತದೆ. ಆದರೆ ಹಫ್‌ಮನ್ ಸಂಕೇತಗಳ ಉದ್ದ ಒಂದೇ ಸಮನಾಗಿರದ ಕಾರಣ, ಜೆಪೆಗ್‌ನ ಕೊನೆಯ ಮೂಲೆಯನ್ನು ತಲುಪಲು ಅದಕ್ಕೆ ಮೊದಲಿನ ಬಿಟ್‌ಗಳನ್ನೆಲ್ಲ ಓದಿ ದಾಟಬೇಕಾಗುತ್ತದೆ. ಮೆಮೊರಿ ಉಳಿದರೂ ಬೆರಳು ಕಾಯಬೇಕಾಗಿ ಬಂದರೆ, ಬಿಲ್ಲೆಗಳನ್ನು ಮೊದಲೇ ಬೇರೆ ಬೇರೆ ಫೈಲುಗಳಾಗಿ ಕತ್ತರಿಸಿಡುವುದು ಮೇಲು.

ಹಂತ 8: ಅಳೆಯಿರಿ

ಎಲ್ಲಿ ಅಳೆಯಬೇಕೆಂಬುದನ್ನು ಮೊದಲು ತಿಳಿದಿರಬೇಕು. ಆಂಡ್ರಾಯ್ಡ್ 3ರಿಂದ 7.1ರವರೆಗೆ ಬಿಟ್‌ಮ್ಯಾಪ್‌ನ ಪಿಕ್ಸೆಲ್‌ಗಳು ಜಾವಾ ಹೀಪ್‌ನಲ್ಲಿ (ಜಾವಾ ಕೋಡ್‌ನ ವಸ್ತುಗಳಿಗೆ ಮೀಸಲಾದ ಮೆಮೊರಿ) ಇದ್ದವು. 8ರಿಂದ ಅವು ಅದರ ಹೊರಗಿನ ನೇಟಿವ್ ಮೆಮೊರಿಗೆ ಹೋದವು. ಹೊಸ ಫೋನಿನಲ್ಲಿ ಜಾವಾ ಹೀಪ್ ಒಂದನ್ನೇ ನೋಡಿ ‘ಚಿತ್ರಗಳಿಂದ ತೊಂದರೆಯಿಲ್ಲ’ ಎಂದು ತೀರ್ಮಾನಿಸಿದರೆ ನಿಜವಾದ ಹೊರೆ ಪಕ್ಕದ ಸಾಲಿನಲ್ಲಿ ಕಾಣದೆ ಉಳಿಯುತ್ತದೆ. ಕ್ರೋಮ್ ಬ್ರೌಸರಿನ ಟಾಸ್ಕ್ ಮ್ಯಾನೇಜರ್‌ನಲ್ಲಿಯೂ ಚಿತ್ರಗಳ ಕ್ಯಾಶ್‌ಗೆ ಬೇರೆಯೇ ಕಾಲಂ ಇದ್ದು, ಅದನ್ನು ನಾವೇ ತೆರೆದುಕೊಳ್ಳಬೇಕು.

ಪರೀಕ್ಷೆಗೆ ಕ್ಯಾಮೆರಾದಿಂದ ನೇರವಾಗಿ ಬಂದ ನೂರು ಫೋಟೊಗಳನ್ನೂ, ಅವುಗಳ ನಡುವೆ ಕೆಲವು ಪ್ರೊಗ್ರೆಸಿವ್ ಜೆಪೆಗ್‌ಗಳನ್ನೂ ಇಟ್ಟುಕೊಳ್ಳಿ. ಪಟ್ಟಿಯನ್ನು ತುದಿಯವರೆಗೆ ಜಾರಿಸಿ, ಹಿಂದಕ್ಕೆ ಬಂದು, ಇದನ್ನು ನಾಲ್ಕೈದು ಬಾರಿ ಮಾಡಿ. ಮೆಮೊರಿಯ ಗೆರೆ ಮೊದಲ ಸುತ್ತಿನಲ್ಲಿ ಏರಿ ಕ್ಯಾಶ್‌ನ ಮಿತಿಯ ಬಳಿ ನಿಲ್ಲಬೇಕು. ಪ್ರತಿ ಸುತ್ತಿನಲ್ಲಿಯೂ ಏರುತ್ತಲೇ ಹೋದರೆ ಪರದೆಯಿಂದ ಹೊರಟುಹೋದ ಚಿತ್ರಗಳನ್ನು ಯಾವುದೋ ಕೋಡ್ ಇನ್ನೂ ಹಿಡಿದುಕೊಂಡಿದೆ ಎಂದು ತಿಳಿಯಿರಿ. ನಿಂತ ಎತ್ತರವೇ ಹೆಚ್ಚಾಯಿತೆನಿಸಿದರೆ ಒಂದು ಚಿತ್ರವನ್ನು ಆರಿಸಿ, ಅದು ಬಿಚ್ಚಿಕೊಂಡ ಅಗಲ ಎತ್ತರಗಳನ್ನು ಲಾಗ್‌ನಲ್ಲಿ ಬರೆಸಿ, ಹಂತ 4ರಲ್ಲಿ ನೀವು ನಿರ್ಧರಿಸಿದ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ನನ್ನ ಅಪ್ಲಿಕೇಶನ್ನಿನಲ್ಲಿ 500×375 ಬರಬೇಕಾದ ಜಾಗದಲ್ಲಿ ಲಾಗ್ ಎಲ್ಲ ಸಾಲಿನಲ್ಲಿಯೂ 4000×3000 ಎಂದೇ ಹೇಳುತ್ತಿತ್ತು.